ಪ್ರಾಸಕ್ಕೆ ಬಿದ್ದ ಮಳೆ

ನಮ್ಮ ಬೇಸಿಗೆ ರಜೆಯಲ್ಲಿ ತಿಂಗಳುಗಳಿರಲಿಲ್ಲ, ಮಳೆಗಳಿದ್ದವು. ಏಪ್ರಿಲ್ 10ಕ್ಕೆ ಪಾಸು-ಫೇಲು ತಿಳಿದ ಮೇಲೆ ಭದ್ರಾವತಿಯಲ್ಲಿ ತಾಳಗುಪ್ಪದ ರೈಲು ಹತ್ತಿಸಿಬಿಟ್ಟರೆ ಕುಂಸಿಯ ಅಜ್ಜಿ ಮನೆ. ಹೋಗಿ ನಾಲ್ಕು ದಿನಕ್ಕೆ ಅಶ್ವಿನಿ ಹುಟ್ಟುತ್ತಿತ್ತು. ಏಪ್ರಿಲ್ ಮುಗಿಯುವ ಮುಂಚೆ ಭರಣಿ, ಮೇ ನಡುವಿಗೆ ಕೃತ್ತಿಕೆ. ರೋಹಿಣಿ ಹುಟ್ಟಿತೆಂದರೆ ಟ್ರಂಕಿಗೆ ಬಟ್ಟೆ ತುಂಬುವ ಹೊತ್ತು ಬಂತೆಂದು ಅರ್ಥ. ಹೀಗೆ ಒಂದು ರಜೆಗೆ ಮೂರು ಮಳೆ. ಅವು ಬರಲಿ ಬಿಡಲಿ, ಅಜ್ಜಿಯ ಲೆಕ್ಕದಲ್ಲಿ ಅವು ಹುಟ್ಟಿಯೇ ಹುಟ್ಟುತ್ತಿದ್ದವು. ಆಕಾಶ ಹಂಚಿನಂತೆ ಕಾದಿರುವಾಗಲೂ ಅಜ್ಜಿ ನಡುಮನೆಯಲ್ಲಿ ನಿಂತು, "ನಿನ್ನೆ ರಾತ್ರಿ ಭರಣಿ ಹುಟ್ತು ಕಣ್ರೋ" ಎಂದು ಪಕ್ಕದ ಮನೆಯ ಹೆರಿಗೆಯ ಸುದ್ದಿಯಂತೆ ಹೇಳುತ್ತಿದ್ದಳು.

ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಆಯನೂರು ದಾಟಿದರೆ ಸಿಗುವ ಕುಂಸಿ, ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಬಯಲೂ ಅಲ್ಲ. ಒಂದು ಕಾಲಕ್ಕೆ ಮ್ಯಾಂಗನೀಸ್ ಅಗೆಯುತ್ತಿದ್ದ ಊರು. ಅಜ್ಜನ ಒಂಟಿಕೊಪ್ಪಲ್ ಪಂಚಾಂಗ ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೆ ಅಂಥದೇ ಒಂದು ಕರಿಕಲ್ಲು ಕೂತಿರುತ್ತಿತ್ತು. ಮುಷ್ಟಿಯಷ್ಟೇ ಗಾತ್ರ, ಎತ್ತಿದರೆ ಕೈ ಜಗ್ಗುವ ಭಾರ. ಆ ಕಲ್ಲು ಸರಿಸಿ ನೋಡುವ ಅಧಿಕಾರ ಅಜ್ಜನಿಗೆ ಮಾತ್ರ. ಯುಗಾದಿಯ ದಿನ ಅವರು ಈ ವರ್ಷ ಎಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಎಷ್ಟು, ಬೆಟ್ಟಕ್ಕೆ ಎಷ್ಟು, ಭೂಮಿಗೆ ಎಷ್ಟು ಎಂದು ಓದಿ ಹೇಳುತ್ತಿದ್ದರು. ಅಣ್ಣತಮ್ಮಂದಿರ ಪಾಲುಪಟ್ಟಿಯಂತಿದ್ದ ಆ ಲೆಕ್ಕದಲ್ಲಿ ಸಮುದ್ರಕ್ಕೆ ಸದಾ ದೊಡ್ಡ ಪಾಲು ಯಾಕೆ, ಅಲ್ಲಿ ಆಗಲೇ ನೀರಿದೆಯಲ್ಲ ಎಂದು ನಾನು ಕೇಳಿದ್ದೆ. "ಉಳ್ಳವರಿಗೇ ಬರೋದು ಕಣೋ" ಎಂದು ಅಜ್ಜ ಪಂಚಾಂಗ ಮುಚ್ಚಿದ್ದರು.

ಪಂಚಾಂಗ ಅಜ್ಜನದಾದರೆ ಗಾದೆ ಅಜ್ಜಿಯದು. ಅಶ್ವಿನಿ ಸಸ್ಯನಾಶಿನಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ. ಆರಿದ್ರೆ ಆರದೆ ಹೊಯ್ಯುತ್ತದೆ. ಬಂದರೆ ಮಗೆ, ಹೋದರೆ ಹೊಗೆ. ಕುಂಸಿಯ ಸುತ್ತ ಭತ್ತವೇ ಮುಖ್ಯ ಬೆಳೆ, ಆದರೂ ಅಜ್ಜಿಯ ಗಾದೆಯಲ್ಲಿ ಓಣಿ ತುಂಬ ಜೋಳವೇ. ಬಯಲುಸೀಮೆಯ ಯಾವ ಅಜ್ಜಿಯಿಂದಲೋ ಹೊಳೆ ದಾಟಿ ಬಂದ ಮಾತದು, ಬರುವಾಗ ಜೋಳವನ್ನು ಕೆಳಗಿಳಿಸಲು ಮರೆತಿತ್ತು.

ಇವನ್ನೆಲ್ಲ ಅನುಭವದ ಮಾತೆಂದೇ ನಾನು ಬಹಳ ಕಾಲ ನಂಬಿದ್ದೆ. ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಮೇಷ್ಟ್ರು, ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕು, ಅದೇ ಆದಿಪ್ರಾಸ ಎಂದರು. ನನಗೆ ಒಮ್ಮೆಲೇ ಅನುಮಾನ ಹುಟ್ಟಿತು. ಭರಣಿ, ಧರಣಿ: ಎರಡನೇ ಅಕ್ಷರ ರ. ಮಗೆ, ಹೊಗೆ: ಎರಡನೇ ಅಕ್ಷರ ಗೆ. ಅಜ್ಜಿಯ ಹವಾಮಾನ ಇಲಾಖೆ ನಡೆಯುತ್ತಿದ್ದುದು ಛಂದಸ್ಸಿನ ಮೇಲೆ! ಭರಣಿಯಲ್ಲಿ ಬಿದ್ದ ಮಳೆ ಧರಣಿಗೆ ಒಳ್ಳೆಯದೆಂಬುದು ನೇಗಿಲು ಕಂಡುಕೊಂಡ ಸತ್ಯವೋ, ಕಿವಿ ಕಂಡುಕೊಂಡ ಸತ್ಯವೋ? ಆ ನಕ್ಷತ್ರಕ್ಕೆ ಬೇರೆ ಹೆಸರಿದ್ದಿದ್ದರೆ ನಮ್ಮ ರೈತರು ಬೇರೇನನ್ನೋ ಬೆಳೆಯುತ್ತಿದ್ದರೇ? ಗಡಿಯಾಚೆ ಮರಾಠಿಯವರಿಗೆ ಸ್ವಾತಿ ಮಳೆ ಬಿದ್ದರೆ ಮಾಣಿಕ್ಯ, ಮುತ್ತು ಬೆಳೆಯುತ್ತವೆ, ಏಕೆಂದರೆ ಅವರ ಮುತ್ತು 'ಮೋತಿ'. ಸ್ವಾತಿಯ ಹನಿ ಚಿಪ್ಪಿನಲ್ಲಿ ಮುತ್ತಾಗುತ್ತದೆಂಬ ನಂಬಿಕೆ ನಮಗೂ ಇದೆ, ಆದರೆ ಪ್ರಾಸದ ಲಾಭ ಅವರಿಗೆ.

ಹಾಗೆಂದು ಎಲ್ಲವೂ ಬರಿಯ ಸದ್ದಲ್ಲ. ಮಳೆಯ ನಕ್ಷತ್ರವೆಂದರೆ ಸೂರ್ಯ ಆಗ ನಿಂತಿರುವ ನಕ್ಷತ್ರ. ಒಂದೊಂದನ್ನು ದಾಟಲು ಅವನಿಗೆ ಹದಿಮೂರು, ಹದಿನಾಲ್ಕು ದಿನ. ಹಾಗಾಗಿ ಇದು ಚಂದ್ರನನ್ನು ನಂಬಿದ ಹಬ್ಬಗಳ ಹಾಗೆ ಹಿಂದೆಮುಂದೆ ಜಿಗಿಯುವುದಿಲ್ಲ, ವರ್ಷವರ್ಷವೂ ಅದೇ ತಾರೀಖಿನ ಆಸುಪಾಸು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1, ಮೃಗಶಿರ ಹುಟ್ಟುವುದು ಜೂನ್ 8ರ ಸುಮಾರಿಗೆ. ನಡುವಿನ ಒಂದು ವಾರ ಮೋಡ ನಮ್ಮ ಕಡೆ ನಡೆದು ಬರುವುದಕ್ಕೆ. ಲೆಕ್ಕ ಕೂಡುತ್ತದೆ. ತೊಡಕೊಂದೇ: ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗಾಡುವುದರಿಂದ ಈ ತಾರೀಖುಗಳು ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನ ಮುಂದಕ್ಕೆ ಜಾರುತ್ತವೆ. ಆರನೇ ಶತಮಾನದ ವರಾಹಮಿಹಿರನಿಂದ ಈಚೆಗೆ ಮೂರು ವಾರ ಜಾರಿವೆ. ಆ ಮಹಾನುಭಾವ ಬೃಹತ್ಸಂಹಿತೆಯಲ್ಲಿ ಮೋಡಕ್ಕೂ ಗರ್ಭ ಕಟ್ಟಿ, 195 ದಿನಕ್ಕೆ ಹೆರಿಗೆ ಎಂದು ದಿನ ಗೊತ್ತುಮಾಡಿದವನು. ಮಳೆ 'ಹುಟ್ತು' ಎನ್ನುತ್ತಿದ್ದ ಅಜ್ಜಿ ಅವನನ್ನು ಓದಿರಲಿಲ್ಲ.

ಅಜ್ಜಿಗೆ ಸ್ವಂತದ್ದೊಂದು ಶಾಸ್ತ್ರವೂ ಇತ್ತು. ಅರಸಾಳು ಕಡೆಯಿಂದ ಬರುವ ರೈಲಿನ ಕೂಗು ಹಿತ್ತಲಿಗೆ ಸ್ಪಷ್ಟವಾಗಿ ಕೇಳಿಸಿದರೆ ಸಂಜೆಗೆ ಮಳೆ. ಕೇಳಿಸಿತೆಂದರೆ ನಾವು ಅಂಗಳಕ್ಕೆ ಓಡಿ ಹಪ್ಪಳ, ಸಂಡಿಗೆ ಎತ್ತಬೇಕು. ಅರಸಾಳಿನ ಸ್ಟೇಷನ್ನೇ ಮಾಲ್ಗುಡಿ ಡೇಸ್‌ನಲ್ಲಿ ಬಂದದ್ದೆಂದು ಆಮೇಲೆ ಗೊತ್ತಾಯಿತು. ನಮ್ಮ ಪಾಲಿಗೆ ಅದು ಮಳೆ ಬಿಡುವ ಸ್ಟೇಷನ್ನು. ಈಗ ಯೋಚಿಸಿದರೆ ಅದರಲ್ಲಿ ಹುರುಳಿದೆ. ಅರಸಾಳು ಇರುವುದು ಪಡುವಣಕ್ಕೆ, ಪಡುವಣ ಗಾಳಿ ಬೀಸಿದರೆ ಸದ್ದೂ ಬರುತ್ತದೆ, ಮೋಡವೂ ಬರುತ್ತದೆ. ಮುಂದೆ ಆ ಮೀಟರ್ ಗೇಜಿನ ಮೇಲೆ ರೈಲು ಬಸ್ಸು ಓಡತೊಡಗಿದಾಗ ಅಜ್ಜಿಗೆ ತುಂಬ ಬೇಸರವಾಯಿತು. "ಪೀಂ ಅಂತ ಹಾರನ್ ಹೊಡೆಯೋ ಅದಕ್ಕೆಲ್ಲ ಮಳೆ ಬರುತ್ತಾ?" ಎಂದಳು.

ಇನ್ನು ಚಿಕ್ಕಮ್ಮನ ಮದುವೆಗೆ ಬರುತ್ತೇನೆ.

ಭರಣಿಯ ದಿನಗಳು. ಅಂಗಳ ತುಂಬ ಅಡಿಕೆ ಸೋಗೆಯ ಚಪ್ಪರ. ಬೀಗರು ಶಿಕಾರಿಪುರದ ಕಡೆಯವರು, ಮಾತಿನಲ್ಲಿ ಬಿಗಿ. ಧಾರೆ ಮುಗಿದು ಮೊದಲ ಪಂಕ್ತಿಗೆ ಎಲೆ ಹಾಕಿ, ಕೋಸಂಬರಿ ಬಡಿಸಿ, ಅನ್ನದ ಬುಟ್ಟಿ ಬರುವಷ್ಟರಲ್ಲಿ ಝಳಝಳ ಬಿಸಿಲಿನಲ್ಲೇ ದಪ್ಪ ದಪ್ಪ ಹನಿ ಬಿತ್ತು. ಬಿಸಿಲೂ ಇದೆ, ಮಳೆಯೂ ಇದೆ. ಸೋಗೆಯ ಸಂದಿಯಿಂದ ಸೋರಿದ ನೀರು ಎಲೆಯ ಮೇಲಿನ ಉಪ್ಪನ್ನು ಕರಗಿಸಿಕೊಂಡು ಉಪ್ಪಿನಕಾಯಿಯ ಕಡೆ ಹರಿಯುತ್ತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಕ್ಕಳೆಲ್ಲ ಅಂಗಳಕ್ಕೆ ಹಾರಿದೆವು. ಬಿಸಿಲು ಮಳೆ ಕಂಡ ಮಕ್ಕಳು ಏನು ಕೂಗುತ್ತಾರೋ ಅದನ್ನೇ ಕೂಗಿದೆವು: "ಕಾಗೆಗೂ ನರಿಗೂ ಮದುವೆ! ಕಾಗೆಗೂ ನರಿಗೂ ಮದುವೆ!"

ಚಪ್ಪರದಲ್ಲಿ ಮೌನ. ಗಂಡಿನ ಸೋದರಮಾವ ಎಲೆ ಬಿಟ್ಟು ಎದ್ದು ನಿಂತರು. "ಕಾಗೆ ಯಾರು, ನರಿ ಯಾರು? ಅದೊಂದನ್ನ ಹೇಳಿಬಿಡಿ." ಚಿಕ್ಕಪ್ಪನಾಗಲಿದ್ದ ಮದುಮಗ ಸ್ವಲ್ಪ ಕಪ್ಪಗಿದ್ದದ್ದು ನಿಜ. ಅಜ್ಜ ಕೈಮುಗಿದರು. "ಮಕ್ಕಳ ಮಾತು ಬೀಗರೇ, ಮಳೆಗೆ ಅಂದಿದ್ದು." ಅವರು ಬಗ್ಗಲಿಲ್ಲ. ಕೊನೆಗೆ ಅಜ್ಜಿ ಅಡಿಗೆಮನೆಯಿಂದ ಹೊರಬಂದು, "ತಪ್ಪು ನಮ್ಮ ಹುಡುಗೀದು. ಚಿಕ್ಕಂದಿನಿಂದ ಮೊರದಲ್ಲಿದ್ದ ಅಕ್ಕಿ ತಿಂತಿದ್ಲು. ಅಕ್ಕಿ ತಿಂದವರ ಮದುವೇಲಿ ಮಳೆ ಬರದೆ ಇರುತ್ತಾ?" ಎಂದಳು. ಇದು ಎಲ್ಲರೂ ಬಲ್ಲ ಶಾಸ್ತ್ರ. ಸೋದರಮಾವನೂ ಕೇಳಿದ್ದರು. ತಲೆಯಾಡಿಸಿ ಕೂತು, ಮೇಲಿನಿಂದ ಬೀಳುತ್ತಿದ್ದ ನೀರನ್ನು ಕೈಯಲ್ಲಿ ಮರೆಮಾಡಿಕೊಂಡೇ ಊಟ ಮಾಡಿದರು. ಒಂದು ಮೂಢನಂಬಿಕೆ ಕೆಡಿಸಿದ್ದನ್ನು ಇನ್ನೊಂದು ಸರಿಮಾಡಿದ್ದು ಅದೊಂದೇ ಸಲ ನಾನು ಕಂಡಿದ್ದು.

ಕಾಗೆ, ನರಿ ನಮ್ಮೂರಿನವೇ ಎಂದುಕೊಂಡಿದ್ದೆ. ಕೆಲಸಕ್ಕೆ ಬೆಂಗಳೂರು ಸೇರಿದ ಮೇಲೆ ಗೊತ್ತಾಯಿತು, ತಮಿಳರಲ್ಲೂ ಅದೇ ಜೋಡಿ. ತೆಲುಗರಲ್ಲಿ ನಾಯಿಗೂ ನರಿಗೂ. ಮಲಯಾಳಿಗಳಲ್ಲಿ ಮದುವೆ ನರಿಯದೇ, ಆದರೆ ಹೆಣ್ಣು ಯಾರೆಂದು ಹೇಳುವುದಿಲ್ಲ. ಜಪಾನಿನಲ್ಲೂ ಬಿಸಿಲು ಮಳೆಗೆ ನರಿಯ ಮದುವೆ. ಕುರೊಸಾವಾ 1990ರ 'ಡ್ರೀಮ್ಸ್' ಚಿತ್ರವನ್ನು ಶುರುಮಾಡುವುದೇ ಆ ದಿಬ್ಬಣದಿಂದ. ಅದನ್ನು ಕದ್ದು ನೋಡಿದ ಹುಡುಗನಿಗೆ ಅಲ್ಲಿ ಆಗುವ ಗತಿ ನೋಡಿದರೆ, ನಮಗೆ ಬಿದ್ದ ಬೈಗುಳ ಏನೂ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮಂಗನ ಮದುವೆಯಂತೆ. ಕುಂಸಿಯ ಮಕ್ಕಳು ಜಪಾನಿಗೆ ಹೋಗಿ ಹೇಳಿಕೊಟ್ಟು ಬಂದಿರಲಾರರು.

ಈ ಕಾಕತಾಳೀಯಕ್ಕೆ ಬೆನ್ನುಹತ್ತಿದವನೊಬ್ಬನಿದ್ದ, ಫಿನ್ಲೆಂಡಿನ ಜಾನಪದ ವಿದ್ವಾಂಸ. ಬಿಸಿಲು ಮಳೆಯ ಬಗ್ಗೆ ನಾನಾ ದೇಶದ ಜನ ಆಡುವ ಮಾತುಗಳನ್ನು ಒಟ್ಟುಮಾಡಿ 1957ರಲ್ಲಿ ಜರ್ಮನ್ ಭಾಷೆಯಲ್ಲಿ ದೊಡ್ಡ ಪುಸ್ತಕವನ್ನೇ ತಂದ. ಅವನ ಹೆಸರು ಮಟ್ಟಿ ಕೂಸಿ. ಕೂಸಿ! ಒಂದು ಸೊನ್ನೆ ಸೇರಿಸಿ ದೀರ್ಘ ಕಿತ್ತರೆ ನಮ್ಮೂರು. ಫಿನ್ನಿಷ್‌ನಲ್ಲಿ ಆ ಪದಕ್ಕೆ ಆರು ಎಂಬ ಅರ್ಥವೂ ಇದೆ, ಒಂದು ಜಾತಿಯ ಸೂಚಿಪರ್ಣದ ಮರವೆಂದೂ ಇದೆ. ಇದರಿಂದ ಏನೂ ಸಿದ್ಧವಾಗುವುದಿಲ್ಲವೆಂದು ನನಗೆ ಗೊತ್ತು. ಆದರೆ ಅಜ್ಜಿಯ ಕೈಗೆ ಈ ಹೆಸರು ಸಿಕ್ಕಿದ್ದರೆ ಒಂದು ಗಾದೆ ಖಂಡಿತ ಆಗುತ್ತಿತ್ತು.

ಹೀಗೆ ಗಾದೆಗಳನ್ನು ನೋಡಿ ನಗುತ್ತಿದ್ದ ನನ್ನನ್ನು 2023 ಸುಮ್ಮನಾಗಿಸಿತು. ಮಗೆ ಮಳೆಯ ಕಾಲ ಆಗಸ್ಟ್ 17ರಿಂದ ಎರಡು ವಾರ. 1901ರಿಂದ ಈಚೆಗೆ ದೇಶಕ್ಕೆ ಅಷ್ಟು ಒಣಗಿದ ಆಗಸ್ಟ್ ಬಂದೇ ಇರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದಾಯಿತು. ನಮ್ಮ ಜಿಲ್ಲೆಯವರು ಮಳೆಗಾಲದಲ್ಲಿ ಕ್ರಿಕೆಟ್ ಸ್ಕೋರಿನಂತೆ ನೋಡುವುದು ಲಿಂಗನಮಕ್ಕಿ ಜಲಾಶಯದ ನೀರಿನ ಅಡಿಗಳನ್ನು. 1819 ಮುಟ್ಟಿದರೆ ತುಂಬಿತೆಂದು ಲೆಕ್ಕ. ಆ ವರ್ಷ ಅದು ಮುಟ್ಟಲಿಲ್ಲ. ಹೋದರೆ ಹೊಗೆ ಎಂಬ ಮಾತು ಅಕ್ಷರಶಃ ನಿಂತಿತು, ಪ್ರಾಸ ಸಮೇತ. ಎರಡು ವರ್ಷದ ಮೇಲೆ, 2025ರಲ್ಲಿ, ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ರೋಹಿಣಿ ಹುಟ್ಟುವುದಕ್ಕೂ ಮೋಡ ಬರುವುದಕ್ಕೂ ಹೆಚ್ಚುಕಡಿಮೆ ಒಂದೇ ದಿನ.

ಆ ವಾರ ನಾನು ಕುಂಸಿಯಲ್ಲಿದ್ದೆ. ಚಿಕ್ಕಮ್ಮನೂ ಮೊಮ್ಮಗಳ ಜೊತೆ ಬಂದಿದ್ದಳು. ಚಿಕ್ಕಪ್ಪ ಹೋಗಿ ಎಷ್ಟೋ ವರ್ಷವಾಯಿತು. ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಚಿಕ್ಕಮ್ಮ ಹಳೆಯ ಮೊಕದ್ದಮೆ ತೆಗೆದಳು.

"ಅಕ್ಕಿ ತಿಂತಿದ್ದದ್ದು ನಾನಲ್ಲ ಕಣೋ, ನಿನ್ನಮ್ಮ. ಅವಳ ಮದುವೇಲಿ ಒಂದು ಹನಿ ಬೀಳಲಿಲ್ಲ."

"ಮತ್ತೆ ಆವತ್ತೇ ಹೇಳಬಾರದಿತ್ತಾ?"

"ಎಲ್ಲಿ ಹೇಳೋದು? ಬೀಗರು ಊಟಕ್ಕೆ ಕೂತಾಗಿತ್ತು."

ಮೊಮ್ಮಗಳು ಮೊರಕ್ಕೆ ಕೈಹಾಕಿ ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡಳು. ನಾನು ಅಭ್ಯಾಸಬಲದಿಂದ, "ಏಯ್, ಮದುವೇಲಿ ಮಳೆ ಬರುತ್ತೆ" ಎಂದೆ.

ಚಿಕ್ಕಮ್ಮ ತಲೆ ಎತ್ತಲಿಲ್ಲ, ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ತಿನ್ಲಿ ಬಿಡೋ. ಈಗೆಲ್ಲ ಕಲ್ಯಾಣಮಂಟಪದಲ್ಲೇ."