ಮೇಷ್ಟರ ಈಜುಕೊಳ

ಮನೆ ಕೊಂಡವನಿಗೆ ಮನೆಯೊಂದೇ ದಕ್ಕುವುದಿಲ್ಲ. ಸೋರುವ ಸೂರು, ಕಿರುಗುಟ್ಟುವ ಬಾಗಿಲು, ಹಿಂದಿನವರ ಸೋಮಾರಿತನ ಎಲ್ಲವೂ ಕ್ರಯಪತ್ರದ ಬೆನ್ನು ಹಿಡಿದು ಬರುತ್ತವೆ. ಅಮೆರಿಕದ ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿ ಮನೆ ಕೊಂಡ ಮೈಸೂರಿನ ದಂಪತಿಗಳಿಗೆ ಹೀಗೆ ಬಂದು ಸೇರಿದ್ದು ಹಿತ್ತಿಲಿನ ಈಜುಕೊಳ. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುವ ಆ ಮರುಭೂಮಿಯ ಊರಿನಲ್ಲಿ ಅದೇನೂ ಕುಬೇರರ ಸೊತ್ತಲ್ಲ. ಮೈಸೂರಿನ ಹಳೆಯ ಮನೆಗಳಿಗೆ ಬಾವಿ ಇದ್ದಂತೆ ಅಲ್ಲಿಯ ಎಷ್ಟೋ ಮನೆಗಳಿಗೆ ಕೊಳ. ಆದರೆ ಈ ಮನೆ ಕೆಲವು ತಿಂಗಳು ಬೀಗ ಹಾಕಿಕೊಂಡು ಬಿದ್ದಿತ್ತು. ಕೊಳದ ನೀರು ಪಾಲಕ್ ಸೊಪ್ಪಿನ ಸಾರಿನ ಬಣ್ಣಕ್ಕೆ ತಿರುಗಿ, ತಳವೆಂಬುದು ಉಂಟೋ ಇಲ್ಲವೋ ಎಂಬ ಸಂಶಯ ಹುಟ್ಟಿಸುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಆರು ತಿಂಗಳ ಮಟ್ಟಿಗೆಂದು ಮೈಸೂರಿನಿಂದ ತಂದೆ ಬಂದಿಳಿದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟರು. ಮಗನ ಮನೆಯಲ್ಲಿ ಅವರಿಗೆ ಊಟಕ್ಕೆ, ಉಪಚಾರಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಕೆಲಸಕ್ಕೆ. ಪಾತ್ರೆ ತೊಳೆಯಲು ಯಂತ್ರ, ಬಟ್ಟೆ ಒಗೆಯಲು ಯಂತ್ರ. ಏನು ಮಾಡಹೋದರೂ, "ನಿಮಗೇಕೆ ತೊಂದರೆ, ಕುಳಿತುಕೊಳ್ಳಿ ಅಪ್ಪ" ಎಂಬ ಮಾತು. ಮಗನ ಈ ವಿನಯದಲ್ಲಿ ಒಂದು ದೂರವೂ ಇತ್ತೆಂಬುದು ಸೊಸೆಗೆ ಮಾತ್ರ ತಿಳಿದಿತ್ತು. ಅವನು ಒಂಬತ್ತನೆಯ ತರಗತಿಯಲ್ಲಿ ತಂದೆಯ ಕೈಕೆಳಗೇ ಓದುತ್ತಿದ್ದಾಗ, ಪ್ರಯೋಗಶಾಲೆಯಲ್ಲಿ ಗಂಧಕಾಮ್ಲಕ್ಕೆ ನೀರು ಸುರಿದಿದ್ದ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ ಎಂದು ಹತ್ತು ಸಲ ಹೇಳಿದ ಮೇಲೂ! ಆಮ್ಲ ಚಿಮ್ಮಿತು, ದೇವರ ದಯೆ, ಕಣ್ಣಿಗೆ ತಗಲಲಿಲ್ಲ. ಮೇಷ್ಟರು ನಲವತ್ತು ಹುಡುಗರ ಎದುರಿಗೆ ಮಗನ ಕೆನ್ನೆಗೆ ಬಾರಿಸಿದರು. ಆಮೇಲೆ ಮಗ ಕಂಪ್ಯೂಟರ್ ಓದಿದ, ಸಮುದ್ರ ದಾಟಿದ. ತಂದೆಯ ಮುಂದೆ ರಸಾಯನಶಾಸ್ತ್ರದ ಸುದ್ದಿ ಎತ್ತಲಿಲ್ಲ.

ಕೊಳಕ್ಕೆ ಮಗ ತನಗೆ ತೋಚಿದ ಚಿಕಿತ್ಸೆ ನಡೆಸಿದ್ದ. ಅಂಗಡಿಯವರು ಕೊಟ್ಟ ಪಾಚಿನಾಶಕ, ನೀರು ತಿಳಿಗೊಳಿಸುವ ದ್ರಾವಣ, ದ್ರವರೂಪದ ಕ್ಲೋರಿನ್, ಎಲ್ಲವನ್ನೂ ಒಂದಾದ ಮೇಲೊಂದರಂತೆ ಸುರಿದ. ನೀರು ಹಸಿರಾಗಿಯೇ ಉಳಿಯಿತು. ಐದು ವರ್ಷದ ಮೊಮ್ಮಗಳಂತೂ ಕೊಳದ ಬೇಲಿಯ ಚಿಲಕಕ್ಕೆ ಕೈ ಎಟುಕಿಸುವ ಪ್ರಯತ್ನದಲ್ಲೇ ಇದ್ದಳು. ತಳ ಕಾಣದ ನೀರಿಗೆ ಮಗು ಜಾರಿದರೆ ಪಕ್ಕದಲ್ಲೇ ನಿಂತವನಿಗೂ ತಿಳಿಯಲಾರದು. ಆ ಯೋಚನೆಗೆ ಮೇಷ್ಟರಿಗೆ ರಾತ್ರಿ ನಿದ್ರೆ ಬರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಮಗ 'ಮ್ಯೂರಿಯಾಟಿಕ್ ಆಸಿಡ್' ಎಂಬ ಚೀಟಿಯಿದ್ದ ಡಬ್ಬ ಹಿಡಿದು ಹೊರಟ. ಅದು ಹೈಡ್ರೋಕ್ಲೋರಿಕ್ ಆಮ್ಲದ ಹಳೆಯ ಹೆಸರು. ಮೇಷ್ಟರು ಹಿಂದೆಯೇ ನಡೆದರು. ಮಗ ಬಕೆಟ್ಟಿನೊಳಕ್ಕೆ ಆಮ್ಲವನ್ನು ಬಗ್ಗಿಸಬೇಕು, ಅಷ್ಟರಲ್ಲಿ ಅವರ ಮೂಗಿಗೆ ಪರಿಚಿತ ವಾಸನೆ ಬಡಿಯಿತು. ಹಿಂದಿನ ದಿನ ಕ್ಲೋರಿನ್ ಅಳೆದ ಬಕೆಟ್ಟು ಅದು. ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಅವರು ನೆಗೆದು ಮಗನ ಮಣಿಕಟ್ಟನ್ನು ಹಿಡಿದುಕೊಂಡರು. ಆಮ್ಲವೂ ಆ ದ್ರಾವಣವೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್‌ನಲ್ಲಿ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಅದನ್ನೇ. ಅದಕ್ಕೆ ಏಳು ವರ್ಷ ಮೊದಲು, 1908ರಲ್ಲಿ, ಜೆರ್ಸಿ ನಗರದ ಕುಡಿಯುವ ನೀರನ್ನು ಶುದ್ಧಿ ಮಾಡಲು ತೊಡಗಿದ್ದೂ ಕ್ಲೋರಿನ್ನೇ.

ತಂದೆ ಮಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗ ಮೆಲ್ಲನೆ, "ಈ ಸಲ ಹೊಡೆಯಲಿಲ್ಲವಲ್ಲ?" ಎಂದ.

ಮೇಷ್ಟರು ಉತ್ತರ ಕೊಡಲಿಲ್ಲ. "ಕೆಂಪು ಬಕೆಟ್ಟೊಂದು, ಬಿಳಿಯದೊಂದು ತೆಗೆದುಕೊಂಡು ಬಾ" ಎಂದಷ್ಟೇ ಹೇಳಿದರು.

ಅಂದಿನಿಂದ ಕೊಳ ಮೇಷ್ಟರದಾಯಿತು. ಮೊದಲು ಪರೀಕ್ಷೆ, ಆಮೇಲೆ ಔಷಧ ಎಂಬುದು ಅವರ ನಿಯಮ. ತರಿಸಿದ ಪರೀಕ್ಷೆಯ ಪೆಟ್ಟಿಗೆ ಬಿಚ್ಚಿದಾಗ ಅವರಿಗೆ ಹಳೆಯ ಪ್ರಯೋಗಶಾಲೆಗೇ ಮರಳಿ ಕಾಲಿಟ್ಟಂತಾಯಿತು: ಫೀನಾಲ್ ರೆಡ್, ಹನಿ ಹನಿಯಾಗಿ ಬೀಳಿಸುವ ಶೀಷೆಗಳು, ಗೆರೆ ಹಾಕಿದ ಗಾಜಿನ ನಳಿಕೆ. ರೋಗ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗದಂತೆ ಕಾಪಾಡುವ ಸಯನ್ಯೂರಿಕ್ ಆಮ್ಲವೆಂಬುದೊಂದುಂಟು. ಕ್ಲೋರಿನ್ ಬಿಲ್ಲೆಗಳನ್ನು ಹಾಕಿದಷ್ಟೂ ಅದು ನೀರಿನಲ್ಲಿ ಸೇರುತ್ತ ಹೋಗುತ್ತದೆ. ಕ್ಲೋರಿನ್ ಖರ್ಚಾದರೂ ಅದು ಉಳಿಯುತ್ತದೆ. 30ರಿಂದ 50ರವರೆಗೆ ಇರಬೇಕಾದದ್ದು ಅಲ್ಲಿ 100ರ ಹತ್ತಿರ ನಿಂತಿತ್ತು. ಕಾವಲುಗಾರ ಹೆಚ್ಚಾದರೆ ಯಜಮಾನನಿಗೇ ಕೈಕಾಲಾಡದು. ಹಾಕಿದ ಕ್ಲೋರಿನ್ ಪಾಚಿಯನ್ನು ಮುಟ್ಟುವ ಶಕ್ತಿಯನ್ನೇ ಕಳೆದುಕೊಂಡಿತ್ತು. ಇದಕ್ಕೆ ರೂಢಿಯ ಮದ್ದು ನೀರು ಚೆಲ್ಲುವುದು. ಮೈಸೂರಿನ ಬಾವಿಯಲ್ಲಿ ಬೇಸಗೆಯ ಕೊಡಗಳನ್ನು ಎಣಿಸಿ ಸೇದಿದ ಕೈಗೆ 57,000 ಲೀಟರಿನ ಅರ್ಧವನ್ನು ಒಳಚರಂಡಿಗೆ ಬಿಡುವುದು ಸುಲಭವಾಗಿರಲಿಲ್ಲ. ಮೋಟಾರು ಓಡುವಷ್ಟು ಹೊತ್ತೂ ಮೇಷ್ಟರು ಒಳಗೇ ಕುಳಿತಿದ್ದರು.

ಹೊಸ ನೀರು ತುಂಬಿದ ಮೇಲೆ ಮೊದಲ ಕೆಲಸ ಪಿಎಚ್ ಇಳಿಸುವುದು. ಕ್ಲೋರಿನ್ ವಿಪರೀತವಾದಾಗ ಫೀನಾಲ್ ರೆಡ್ ಸುಳ್ಳು ಹೇಳುವುದರಿಂದ ಅದನ್ನು ಮುಂಚೆಯೇ ಮುಗಿಸಬೇಕು. ಕೆಂಪು ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಆಮ್ಲ. ಹಾಕಿದವನು ಮಗ, ನೋಡುತ್ತ ನಿಂತವರು ತಂದೆ. 7.2ಕ್ಕೆ ಇಳಿಯಿತು. ಅನಂತರ ಬಿಳಿಯ ಬಕೆಟ್ಟು. ನೀರಿನಲ್ಲಿ ಕ್ಲೋರಿನ್ ಹತ್ತು ಲಕ್ಷಕ್ಕೆ 20 ಭಾಗ ನಿಲ್ಲಬೇಕೆಂದು ಮೇಷ್ಟರು ಲೆಕ್ಕ ಹಾಕಿದರು. ಶೇಕಡಾ 10ರ ದ್ರಾವಣ ಹನ್ನೊಂದು ಲೀಟರಿಗೂ ಮಿಕ್ಕಿ ಬೇಕಾಯಿತು. ಒಂದು ಸಲ ಹಾಕಿ ಕೈ ತೊಳೆದರೆ ಮುಗಿಯಲಿಲ್ಲ. ಇಳಿದಾಗಲೆಲ್ಲ ಮತ್ತೆ ಏರಿಸಬೇಕು. ಪುಡಿ ಹಾಕಿದರೆ ನೀರು ಗುಲಾಬಿಯಾಗುವುದು, ಹನಿ ಬೀಳಿಸುತ್ತ ಹೋದರೆ ಥಟ್ಟನೆ ಬಣ್ಣ ಅಳಿಯುವುದು. ಹನಿಗಳ ಎಣಿಕೆ ಮೊಮ್ಮಗಳ ಪಾಲಿಗೆ ಬಂತು. ಅವಳು ಕನ್ನಡದಲ್ಲಿ ನಲವತ್ತರವರೆಗೆ ಎಣಿಸಲು ಕಲಿತದ್ದು ಹಾಗೆ.

ಹಸಿರು ಮಾಸಿ ನೀರು ಬೂದಿಯಾಯಿತು, ಮಜ್ಜಿಗೆಯಂತಾಯಿತು. "ಚಿಲ್ಲದ ಬೀಜ ತೇಯ್ದು ಹಾಕಿದ್ದರೆ ಕೊಡದ ನೀರು ಇಷ್ಟು ಹೊತ್ತಿಗೆ ತಿಳಿಯಾಗುತ್ತಿತ್ತು" ಎಂದು ಮೇಷ್ಟರು ಗೊಣಗಿದರು. ಸತ್ತ ಪಾಚಿಯನ್ನು ಮರಳಿನ ಶೋಧಕ ಹಿಡಿಯಬೇಕು. ಅದು ಕಟ್ಟಿಕೊಂಡಾಗ ನೀರನ್ನು ತಿರುಗುಮುರುಗಾಗಿ ಹಾಯಿಸಿ ತೊಳೆಯಬೇಕು. ನೆರೆಯವರೊಬ್ಬರು ಬೇಲಿಯಾಚೆಯಿಂದ, ಘಾಟು ಹೊಡೆದರೆ ಕೊಳ ಚೊಕ್ಕಟವೆಂದು ತಿಳಿಯಿರಿ ಎಂದರು. ಅದು ಬಹುಜನರ ತಪ್ಪು ತಿಳಿವಳಿಕೆ. ಬೆವರು, ಮೂತ್ರ ಮೊದಲಾದವುಗಳೊಡನೆ ಕೂಡಿದ ಕ್ಲೋರಿನ್ನಿನದೇ ಆ ಘಾಟು.

ಎಂಟನೆಯ ದಿನ ಸೂರ್ಯ ಹುಟ್ಟುವ ಮೊದಲೇ ಮೇಷ್ಟರು ನಳಿಕೆ ಹಿಡಿದು ಹೊರಗೆ ಬಂದರು. ಬಿಸಿಲಿಲ್ಲದ ರಾತ್ರಿಯಲ್ಲಿ ಕ್ಲೋರಿನ್ ಕಡಿಮೆಯಾದರೆ ತಿನ್ನುವ ಜೀವಿ ಇನ್ನೂ ನೀರಿನಲ್ಲಿದೆಯೆಂದು ಅರ್ಥ. ಮಗ ಆಗಲೇ ಬಂದು ಕುಳಿತಿದ್ದ. ರಾತ್ರಿ 20.5, ಬೆಳಿಗ್ಗೆ 20. ಒಂದು ಅಂಕಕ್ಕಿಂತ ಕಡಿಮೆ ಇಳಿತ. ಮಗ ಹತ್ತು ಸೆಂಟಿನ ನಾಣ್ಯವೊಂದನ್ನು ಆಳದ ಕಡೆಗೆ ಎಸೆದ. ಬೆಳಕು ಹರಿದ ಮೇಲೆ ಮೂವರೂ ದಂಡೆಯ ಮೇಲೆ ಬಗ್ಗಿ ನೋಡಿದರು. ಮುಖ ಮೇಲಾಗಿದೆಯೆಂದು ಮೊಮ್ಮಗಳು ಕೂಗಿದಳು. ಮೇಷ್ಟರ ಕಣ್ಣಿಗೆ ನಾಣ್ಯವಷ್ಟೇ ಕಂಡಿತು.

ಅಕ್ಟೋಬರಿನಲ್ಲಿ ಅವರು ಮೈಸೂರಿಗೆ ಹಿಂತಿರುಗಿದರು. ಮೊದಲು ಮಗನ ದೂರವಾಣಿಯೆಂದರೆ ಊಟವಾಯಿತೇ, ಮಾತ್ರೆ ನುಂಗಿದಿರಾ ಎಂಬಲ್ಲಿಗೆ ಮುಗಿಯುತ್ತಿತ್ತು. ಈಗ ಭಾನುವಾರ ರಾತ್ರಿ ಎಂಟೂವರೆಗೆ, ಅಲ್ಲಿ ಬೆಳಗಿನ ಎಂಟಕ್ಕೆ, ಗಂಟೆ ಬಾರಿಸುತ್ತದೆ.

"ಕ್ಲೋರಿನ್ 6 ಇದೆ ಅಪ್ಪ. ಪಿಎಚ್ 7.8ಕ್ಕೆ ಏರಿದೆ. ಆಮ್ಲ ಹಾಕಲೇ?"

"ಯಾವ ಬಕೆಟ್ಟು?"

"ಕೆಂಪು."

"ಮೊದಲು ಏನು ಹಾಕಿದೆ?"

"ನೀರು."

"ಸರಿ, ಹಾಕು."