ತಂಬೂರಿನ ದಾರಿ

ತಂಬೂರ ಎಂಬ ಹೆಸರನ್ನು ಮೊದಲ ಸಲ ಕೇಳಿದವರು ಅಲ್ಲಿ ಯಾರೋ ದೊಡ್ಡ ಗವಾಯಿಗಳು ಹುಟ್ಟಿರಬೇಕೆಂದು ಊಹಿಸಿದರೆ ಅವರನ್ನು ದೂರುವಂತಿಲ್ಲ. ಧಾರವಾಡದ ಸೀಮೆಯೇ ಅಂಥದು. ಕುಂದಗೋಳವೆಂದರೆ ಸವಾಯಿ ಗಂಧರ್ವರು, ಮನಸೂರವೆಂದರೆ ಮಲ್ಲಿಕಾರ್ಜುನರು; ಊರಿನ ಹೆಸರಿನೊಂದಿಗೆ ರಾಗವೂ ಕಿವಿಗೆ ಬೀಳುವ ನಾಡಿದು. ಆದರೆ ಕಲಘಟಗಿ ತಾಲೂಕಿನ ಈ ಹಳ್ಳಿಯನ್ನು ಹೊರಗಿನವರು ಬಲ್ಲದ್ದು ಅಲ್ಲಿಯ ಬಸವಣ್ಣನ ಗುಡಿಯಿಂದ. ರವಿವಾರದ ಬೆಳಗಿನಲ್ಲಿ ಸೈಕಲ್ ಏರಿ ಆ ಕಡೆಗೆ ಹೊರಡುವ ಹುಬ್ಬಳ್ಳಿ ಧಾರವಾಡಗಳ ಮಂದಿಗಾದರೋ, ಬಸವಣ್ಣನು ಮನ್ನಿಸಬೇಕು, ಗುಡಿಗಿಂತ ಗುಡಿಯ ದಾರಿಯೇ ಹೆಚ್ಚು ಪ್ರಿಯ.

ಇವರು ಸೈಕಲ್ಲಿನ ಹೊರತು ಗತಿಯಿಲ್ಲದವರಲ್ಲ. ಇವರ ಮನೆಯ ಮುಂದೆ ಕಾರು ನಿಂತಿರುತ್ತದೆ. ಬ್ಯಾಂಕಿನವರು, ವೈದ್ಯರು, ಕಾಲೇಜಿನ ಅಧ್ಯಾಪಕರು, ಅಂಗಡಿಕಾರರು. ಈಚೆಗೆ ಹೆಂಗಸರೂ ಸೇರಿದ್ದಾರೆ. ವಾರದ ಆರು ದಿನ ಕುರ್ಚಿಯಲ್ಲಿ ಕುಳಿತ ದೇಹಕ್ಕೆ ಏಳನೆಯ ದಿನ ಸ್ವಲ್ಪ ಶಿಕ್ಷೆ ವಿಧಿಸುವುದು ಮೊದಲ ಉದ್ದೇಶ. ಕೆಲವರಿಗೆ ಅದು ಹುಚ್ಚಿನ ಮಟ್ಟಕ್ಕೂ ಏರುತ್ತದೆ. 200 ಕಿಲೋಮೀಟರುಗಳನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸುವ ‘ಬ್ರೆವೆ’ ಎಂಬ ಫ್ರೆಂಚ್ ಪದ್ಧತಿಯ ಸವಾರಿಗೆ ಹೆಸರು ಕೊಟ್ಟು, ನಡುರಾತ್ರಿಯಲ್ಲಿ ದೀಪ ಹಚ್ಚಿಕೊಂಡು ಹೋಗುವವರಿದ್ದಾರೆ. ಅದು ಅವರವರ ಇಷ್ಟ. ತಂಬೂರಿನ ದಾರಿ ಅಂಥ ಆತುರಕ್ಕೆ ಹೇಳಿದ್ದಲ್ಲ.

ಧಾರವಾಡದ ನೆಲದ ಗುಟ್ಟನ್ನು ಸೈಕಲ್ ತುಳಿಯುವವನ ಮೊಣಕಾಲಿನಷ್ಟು ಚೆನ್ನಾಗಿ ಬಲ್ಲವರಿಲ್ಲ. ಮೋಟಾರಿನಲ್ಲಿ ಕುಳಿತವನಿಗೆ ಹುಬ್ಬಳ್ಳಿಯಿಂದ ಕಲಘಟಗಿಯವರೆಗಿನ ಮೂವತ್ತು ಕಿಲೋಮೀಟರು ಹೆಚ್ಚುಕಡಿಮೆ ಸಮನೆಲ. ಸೈಕಲ್ಲಿನವನಿಗೆ ಹಾಗಲ್ಲ. ಒಂದು ಏರು, ಅದರಾಚೆ ಒಂದು ಇಳಿಜಾರು, ಇಳಿಜಾರಿನ ಬುಡದಲ್ಲಿ ಒಂದು ಹಳ್ಳ, ಹಳ್ಳದಾಚೆ ಮತ್ತೆ ಏರು. ಯಾವ ಏರೂ ದೊಡ್ಡದಲ್ಲ, ಆದರೆ ಯಾವುದೂ ಪುಕ್ಕಟೆಯದಲ್ಲ. ಈ ಏರಿಳಿತಗಳ ನಡುವೆ ಎಲ್ಲಿಯೋ, ಯಾವ ಕಲ್ಲೂ ಹಲಗೆಯೂ ತೋರಿಸದ ಒಂದು ಜಾಗದಲ್ಲಿ, ನೀರು ಎರಡಾಗುತ್ತದೆ. ಆ ಗೆರೆಯ ಪಶ್ಚಿಮಕ್ಕೆ ಬಿದ್ದ ಮಳೆ ಶಾಲ್ಮಲೆ, ಬೇಡ್ತಿಗಳನ್ನು ಹಿಡಿದು, ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನ ಕಮರಿಗೆ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಣ್ಣಿಹಳ್ಳ, ತುಪ್ಪರಿಹಳ್ಳಗಳಲ್ಲಿ ಹರಿದು, ಮಲಪ್ರಭೆಯ ಕೈಹಿಡಿದು, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಳ್ಳಗಳಿಗೆ ಬೆಣ್ಣೆ ತುಪ್ಪಗಳ ನೆನಪು ತರುವ ಹೆಸರಿಟ್ಟ ಜನ ರಸಿಕರೇ ಸರಿ. ಹೊಲಗಳನ್ನು ನುಂಗಿ ಹರಿಯುವ ಮಳೆಗಾಲದಲ್ಲಿ ಮಾತ್ರ ಆ ಹಳ್ಳಗಳ ಸ್ವಭಾವದಲ್ಲಿ ಬೆಣ್ಣೆಯ ಮೃದುತ್ವ ಕಾಣುವುದಿಲ್ಲ.

ನೀರಿನ ಗೆರೆಯೊಂದಿಗೆ ನೆಲದ ಬಣ್ಣವೂ ಬದಲಾಗುತ್ತದೆ. ಪೂರ್ವದಲ್ಲಿ ನವಲಗುಂದ, ಅಣ್ಣಿಗೇರಿಗಳ ಎರೆಯ ಬಯಲು. ಅಲ್ಲಿ ದಾರಿ ಬಿಟ್ಟ ಬಾಣದಂತೆ ನೇರ. ಕಡಲೆ, ಬಿಳಿಜೋಳ, ಕುಸುಬೆ, ಹತ್ತಿಗಳ ಹೊಲಗಳು ಕಣ್ಣು ದಣಿಯುವವರೆಗೆ. ನೆರಳಿಗೆಂದು ಹುಡುಕಿದರೆ ಒಂದು ಬೇವು, ಒಂದು ಜಾಲಿ. ಜಾಲಿಯ ನೆರಳಿನಲ್ಲಿ ನಿಂತವನ ಗಾಲಿಗೆ ಅದೇ ಜಾಲಿಯ ಮುಳ್ಳು ಕಾದಿರುತ್ತದೆ. ಮಳೆ ಬಿದ್ದ ದಿನ ಡಾಂಬರು ಬಿಟ್ಟು ಒಂದು ಮಾರು ಕೆಳಗಿಳಿದರೆ ಮುಗಿಯಿತು. ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನಂತೆ ಮೆತ್ತಿಕೊಂಡು, ಹತ್ತು ಹೆಜ್ಜೆಯೊಳಗೆ ಗಾಲಿ ತಿರುಗುವುದನ್ನೇ ಬಿಟ್ಟುಬಿಡುತ್ತದೆ. ಆಮೇಲೆ ಸವಾರ ಸೈಕಲ್ಲಿನ ಮೇಲಲ್ಲ, ಸೈಕಲ್ಲೇ ಸವಾರನ ಹೆಗಲ ಮೇಲೆ.

ಪಶ್ಚಿಮದಲ್ಲಿ, ಕಲಘಟಗಿಯ ಕಡೆಗೆ, ಮಲೆನಾಡಿನ ಸೆರಗು ಬೀಸುತ್ತದೆ. ಬೇಡ್ತಿಗೆ ಒಡ್ಡು ಕಟ್ಟಿ ಹುಬ್ಬಳ್ಳಿಗೆ ನೀರುಣಿಸಿದ ನೀರಸಾಗರ ಇದೇ ತಾಲೂಕಿನಲ್ಲಿದೆ. ಅರಗಿನ ಬಣ್ಣ ಹಚ್ಚಿ, ಪುರಾಣದ ಚಿತ್ರ ಬರೆದ ಮರದ ತೊಟ್ಟಿಲುಗಳನ್ನು ಮಾಡುವ ಊರೂ ಕಲಘಟಗಿಯೇ. ಇಲ್ಲಿ ಜೋಳದ ಪಕ್ಕದಲ್ಲಿ ಭತ್ತ ಕಾಣಿಸುತ್ತದೆ. ಗೋವಿನಜೋಳ, ಕಬ್ಬು, ಮಾವಿನ ತೋಪು, ಅವುಗಳಾಚೆ ತೇಗದ ಕಾಡು. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಎದೆಗೆ ಕೈಯಿಟ್ಟು ತಳ್ಳಿದಂತೆ ತಡೆಯುತ್ತದೆ. ಹೋಗುವಾಗ ಎರಡು ತಾಸು ಹಿಡಿದ ದಾರಿ ಮರಳುವಾಗ ಒಂದೂವರೆ ತಾಸಿನಲ್ಲಿ ಮುಗಿದರೆ, ಅದು ತನ್ನ ಕಾಲಿನ ಶಕ್ತಿಯೆಂದು ತಿಳಿಯುವ ಹೊಸಬರು ಬಹಳ.

ಇಷ್ಟಾಗಿ ಕಲಘಟಗಿಗೆ ಹೋಗುವ ಹೆದ್ದಾರಿ ಸೈಕಲ್ಲಿಗೆ ಹೇಳಿದ್ದಲ್ಲ. ಅಂಕೋಲೆ, ಕಾರವಾರಗಳ ಬಂದರುಗಳಿಗೆ ಇದೇ ಮುಖ್ಯ ದಾರಿ. ಬಳ್ಳಾರಿ ಸೀಮೆಯ ಅದಿರನ್ನು ಹೊತ್ತ ಲಾರಿಗಳು ಬೇಲೇಕೇರಿಯ ಕಡೆಗೆ ಸಾಲುಗಟ್ಟಿ ಓಡುತ್ತಿದ್ದ ವರ್ಷಗಳನ್ನು ಈ ದಾರಿಯ ಹಳ್ಳಿಗರು ಮರೆತಿಲ್ಲ. ಗಿಡಗಳ ಎಲೆಗೂ ಕೆಂಪು ಧೂಳು ಕೂತಿದ್ದ ಕಾಲವದು. 2010ರಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ತಡೆದ ಮೇಲೆ ಆ ಸಾಲು ನಿಂತಿತು. ಉಳಿದ ಲಾರಿಗಳೇನೂ ಕಡಿಮೆಯಲ್ಲ. ಆದುದರಿಂದ ಜಾಣನಾದ ಸವಾರ ಹೆದ್ದಾರಿಯನ್ನು ಎಷ್ಟು ಬೇಗ ಬಿಡಬಹುದೋ ಅಷ್ಟು ಬೇಗ ಬಿಟ್ಟು ಹಳ್ಳಿಯ ರಸ್ತೆಗೆ ತಿರುಗುತ್ತಾನೆ. ತಿರುಗಿದ ಐದು ನಿಮಿಷಕ್ಕೆ ಚೈನಿನ ಸದ್ದು ಕೇಳಿಸತೊಡಗುತ್ತದೆ. ನಗರದಲ್ಲಿ ತನ್ನ ಸೈಕಲ್ಲಿಗೆ ಸದ್ದಿದೆಯೆಂಬುದೇ ಅವನಿಗೆ ಗೊತ್ತಿರುವುದಿಲ್ಲ.

ಈ ಮೌನ ಎಲ್ಲಿಂದ ಬಂತು? 2000ದ ಡಿಸೆಂಬರಿನಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದ ಮೇಲೆ ದೇಶದ ಅಸಂಖ್ಯ ಹಳ್ಳಿಗಳು ಮೊದಲ ಸಲ ಡಾಂಬರು ಕಂಡವು. ಆ ಯೋಜನೆಯ ರಸ್ತೆಯ ವಾಡಿಕೆಯ ಅಗಲ 3.75 ಮೀಟರು, ಎದುರುಬದುರಾದ ಎರಡು ಬಸ್ಸುಗಳಲ್ಲಿ ಒಂದು ಕೆಳಗಿಳಿಯಲೇಬೇಕು. ಸೈಕಲ್ಲಿಗೆ ಇಂಥ ರಸ್ತೆ ಬಹು ಹಿತ. ನುಣುಪಾಗಿದೆ, ಇಕ್ಕಟ್ಟಾಗಿದೆ, ಇಕ್ಕಟ್ಟೆಂದು ಲಾರಿಗಳು ಬರುವುದಿಲ್ಲ. ಆದರೆ ಸವಾರ ಯಾವುದನ್ನು ಪ್ರಶಾಂತವೆಂದು ಹೊಗಳುತ್ತಾನೋ ಅದನ್ನು ಊರಿನವರು ಕೊರತೆಯೆಂದು ಎಣಿಸುತ್ತಾರೆ. ಬಸ್ಸು ದಿನಕ್ಕೆ ನಾಲ್ಕೇ ಸಲ ಬಂದರೆ ರಸ್ತೆ ನಿಶ್ಶಬ್ದವಾಗಿರುವುದು ಸಹಜ. ಆದರೆ ಹೆರಿಗೆಯ ನೋವು ತಿನ್ನುತ್ತಿರುವ ಸೊಸೆಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಮನೆಯವರಿಗೆ ಆ ನಿಶ್ಶಬ್ದ ಬೇರೆಯಾಗಿಯೇ ಕೇಳುತ್ತದೆ. ರಸ್ತೆಯನ್ನು ಅಗಲ ಮಾಡಿರೆಂದು ಅವರು ಕೇಳಿದರೆ, ವಾರಕ್ಕೊಮ್ಮೆ ಬಂದು ಹೋಗುವವನು ಅಡ್ಡಬರಲು ಯಾವ ಮುಖವಿದೆ?

ಸುಗ್ಗಿಯ ಕಾಲದಲ್ಲಿ ಈ ಪ್ರಶ್ನೆ ರಸ್ತೆಯ ಮೇಲೆಯೇ ಹರಡಿಕೊಂಡಿರುತ್ತದೆ. ಕಣ ಮಾಡುವ ರೂಢಿ ಕಡಿಮೆಯಾದ ಮೇಲೆ ಡಾಂಬರೇ ಕಣವಾಗಿದೆ. ಗೋವಿನಜೋಳದ ಕಾಳನ್ನು ಅರ್ಧ ರಸ್ತೆಗೆ ಹರವಿ, ಅಂಚಿಗೆ ಕಲ್ಲಿಟ್ಟು, ಪಕ್ಕದಲ್ಲಿ ಒಬ್ಬ ಅಜ್ಜಿ ಕಾವಲು ಕೂತಿರುತ್ತಾಳೆ. ಕಾಳಿನ ಮೇಲೆ ಗಾಲಿ ಹತ್ತಿದರೆ ಜಾರಿ ಬೀಳುವುದು ಖಂಡಿತ. ಬಿದ್ದವನಿಗೆ ಸಿಟ್ಟು ಬರುತ್ತದೆ; ಸಂಚಾರದ ನಿಯಮವೂ ಅವನ ಪರವಾಗಿಯೇ ಇದೆ. ಆದರೆ ಇಳಿದು, ಹ್ಯಾಂಡಲು ಹಿಡಿದು, ಕಲ್ಲುಗಳ ಅಂಚಿನಲ್ಲಿ ನಡೆದುಕೊಂಡು ದಾಟುವುದಕ್ಕೆ ಎರಡು ನಿಮಿಷವೂ ಬೇಡ. ಅಷ್ಟರಲ್ಲಿ ಅಜ್ಜಿಯ ವಿಚಾರಣೆ ಆರಂಭವಾಗುತ್ತದೆ.

“ಯಾವೂರ್ರಿ ತಮ್ಮಾ?”

“ಹುಬ್ಬಳ್ಳಿರೀ ಅಜ್ಜಿ.”

“ಹುಬ್ಬಳ್ಳಿಯಿಂದ ಸೈಕಲ್ ಮ್ಯಾಲ? ಮನ್ಯಾಗ ಗಾಡಿ ಇಲ್ಲೇನು?”

ಗಾಡಿ ಇದೆಯೆಂದರೆ ಆಕೆ ನಂಬುವುದಿಲ್ಲ. ಇದ್ದೂ ತುಳಿಯುವವನೆಂದು ಗೊತ್ತಾದರೆ ಇನ್ನಷ್ಟು ಕನಿಕರಪಡುತ್ತಾಳೆ. ಸವಾರನ ಸೈಕಲ್ಲಿನ ಬೆಲೆ ತನ್ನ ಮಗನ ಮೋಟಾರ್ ಸೈಕಲ್ಲಿನ ಬೆಲೆಗೆ ಸಮೀಪವೆಂಬುದನ್ನು ಆಕೆಗೆ ಹೇಳದಿರುವುದೇ ವಾಸಿ.

ಆಕೆಯ ಕಾಲದಲ್ಲಿ ಸೈಕಲ್ಲೆಂದರೆ ಭಾಗ್ಯ. ಕಪ್ಪು ಬಣ್ಣದ ಭಾರವಾದ ಅಟ್ಲಾಸ್ ಅಥವಾ ಹರ್ಕ್ಯುಲಿಸ್ ಅಳಿಯನಿಗೆ ಕೊಡುವ ಉಡುಗೊರೆಯಾಗಿತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಎರಡು ಮಕ್ಕಳು, ಒಬ್ಬ ಹೆಂಡತಿ, ಎಲ್ಲವೂ ಅದರ ಮೇಲೆ. ಆಮೇಲೆ ಹಳ್ಳಿಗೆ ಸೈಕಲ್ಲು ಮತ್ತೊಮ್ಮೆ ಬಂದದ್ದು ಶಾಲೆಯ ಬಾಗಿಲಿನಿಂದ. 2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಕಂಡ ನೋಟವನ್ನು ಕಂಡವರು ಮರೆಯಲಾರರು. ತಮ್ಮೂರಿನಲ್ಲಿ ಪ್ರೌಢಶಾಲೆಯಿಲ್ಲದ, ಏಳನೆಯ ತರಗತಿಗೇ ಓದು ಮುಗಿಯಿತೆಂದುಕೊಂಡಿದ್ದ ಹುಡುಗಿಯರು ಐದಾರು ಜನ ಸಾಲಾಗಿ, ಎರಡು ಜಡೆ ಹಾಕಿಕೊಂಡು, ಚೀಲವನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಪಕ್ಕದೂರಿಗೆ ತುಳಿಯುತ್ತಿದ್ದರು. ಒಬ್ಬಳನ್ನೇ ಕಳಿಸಲು ಹೆದರುತ್ತಿದ್ದ ತಾಯಂದಿರು ಆರು ಜನರ ಗುಂಪಿಗೆ ಹೆದರಲಿಲ್ಲ. ಆ ಸೈಕಲ್ಲುಗಳು ಗಟ್ಟಿಯಲ್ಲವೆಂಬ ದೂರು ಆಗಲೂ ಇತ್ತು. ಇರಲಿ, ಶಾಲೆಗೆ ಮುಟ್ಟಿಸುವಷ್ಟು ಗಟ್ಟಿಯಾಗಿದ್ದವು. ಕೋವಿಡ್ ಬಂದ 2020ರಲ್ಲಿ ಆ ವಿತರಣೆ ನಿಂತುಹೋಯಿತು. ಅದೇ ವರ್ಷ ಜೂನ್ 3ರಂದು, ವಿಶ್ವಸಂಸ್ಥೆ ಸಾರಿದ ವಿಶ್ವ ಸೈಕಲ್ ದಿನದಂದೇ, ದಿಲ್ಲಿಯ ಸಮೀಪದ ಸಾಹಿಬಾಬಾದಿನಲ್ಲಿದ್ದ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಗಿದೆ. ಬಸ್ಸು ಬರುವ ಊರಿನವರಿಗೆ ಅದರಿಂದ ದೊಡ್ಡ ಅನುಕೂಲವಾಯಿತು.

ಈಗ ಆ ದಾರಿಗಳಲ್ಲಿ ಸೈಕಲ್ ತುಳಿಯುವವರು ಮುದುಕರು, ಚಿಕ್ಕ ಹುಡುಗರು ಮತ್ತು ರವಿವಾರದಂದು ಶಿರಸ್ತ್ರಾಣ ಧರಿಸಿದ ನಗರವಾಸಿಗಳು. ಇದರ ಪರಿಣಾಮವನ್ನು ಸವಾರ ಅರಿಯುವುದು ಗಾಲಿಗೆ ಮುಳ್ಳು ಹೊಕ್ಕಾಗ. ಹಳ್ಳಿಯ ಅಡ್ಡರಸ್ತೆಯಲ್ಲಿ ಪಂಕ್ಚರ್ ಅಂಗಡಿಯೇನೋ ಇರುತ್ತದೆ. ನೀರಿನ ಬೋಗುಣಿ, ಅಂಟಿನ ಡಬ್ಬಿ, ಹಳೆಯ ಟೈರುಗಳ ರಾಶಿ, ಎಲ್ಲವೂ ಉಂಟು. ಅಂಗಡಿಯವನು ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಟ್ಯೂಬನ್ನು ಹೊರಗೆಳೆದು, ಬೆರಳಿನಷ್ಟು ಸಣ್ಣ ವಾಲ್ವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. ತೂತು ಮುಚ್ಚಿ ಕೊಡಬಲ್ಲ. ಆದರೆ ಅವನ ಬಳಿ ಇರುವುದು ಮೋಟಾರ್ ಸೈಕಲ್ಲಿಗೆ ಗಾಳಿ ಹಾಕುವ ಯಂತ್ರ; ಅದರ ಬಾಯಿ ಈ ವಾಲ್ವಿಗೆ ಕೂಡುವುದಿಲ್ಲ. ಕೈಪಂಪು ಇತ್ತಂತೆ, ಯಾರೂ ಕೇಳದ್ದರಿಂದ ಗುಜರಿಗೆ ಹಾಕಿದನಂತೆ. ಸವಾರ ತನ್ನ ಚೀಲದಿಂದ ಗೇಣುದ್ದದ ಪಂಪನ್ನು ತೆಗೆದು ಒತ್ತಲಾರಂಭಿಸಿದಾಗ ಸುತ್ತ ಹುಡುಗರು ಸೇರುತ್ತಾರೆ. ಒಬ್ಬೊಬ್ಬರೂ ಇಪ್ಪತ್ತು ಸಲ ಒತ್ತಿದ ಮೇಲೆ ಗಾಲಿ ಗಟ್ಟಿಯಾಗುತ್ತದೆ. ಕೂಲಿಯಾಗಿ ಅವರು ಕೇಳುವುದು ಗೇರುಗಳಿರುವ ಆ ಸೈಕಲ್ಲನ್ನು ಹುಣಸೆಮರದವರೆಗೆ ಒಂದು ಸಲ ಹೊಡೆದು ಬರುವ ಅಪ್ಪಣೆಯನ್ನು ಮಾತ್ರ.