ಚಿಟ್ಟೆಯ ಅಚ್ಚಿಗೆ ಬೆಲೆ ಎಷ್ಟು?

ಈ ಸಲದ ಪಾಸ್ಖ ಹಬ್ಬಕ್ಕೆ ಚಿಟ್ಟೆಯ ಚಿತ್ರವೊಂದನ್ನು ಅಚ್ಚು ಹಾಕಿ ಮಾರಬೇಕೆಂದು ನಮ್ಮ ಯುವಕೂಟ ತೀರ್ಮಾನಿಸಿದೆ. ಬರುವ ಹಣ ನಮ್ಮ ಧರ್ಮಕೇಂದ್ರದ ಇಬ್ಬರು ಮಕ್ಕಳ ಕಾಲೇಜು ಫೀಸಿಗೆ. ಲಿನೋ ಹಾಳೆಯ ಮೇಲೆ ಕೆತ್ತನೆ ಮುಗಿದಿದೆ. ಬೆಲೆಯ ಮಾತು ಮಾತ್ರ ಮುಗಿದಿಲ್ಲ. "ಐವತ್ತೇ ಪ್ರತಿ ತೆಗೆಯೋಣ, ನಂಬರ್ ಹಾಕೋಣ, ಆಮೇಲೆ ಅಚ್ಚನ್ನು ಗೀಚಿ ಹಾಳುಮಾಡೋಣ. ಒಂದೊಂದು 500 ರೂಪಾಯಿಗೆ ಹೋಗುತ್ತೆ" ಅನ್ನೋದು ಕೆಲವರ ವಾದ.

ಅವರು ಹೇಳೋದು ಸುಳ್ಳಲ್ಲ. ಕಲಾಮುದ್ರಣಗಳ ಲೋಕ ನಡೆಯುವುದೇ ಹಾಗೆ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 12/50 ಎಂದಿದ್ದರೆ, ಐವತ್ತರಲ್ಲಿ ಇದು ಹನ್ನೆರಡನೆಯದು, ಐವತ್ತೊಂದನೆಯದು ಬರುವುದಿಲ್ಲ ಎಂದು ಕಲಾವಿದ ಕೊಟ್ಟ ಮಾತು. ಸಂಗ್ರಹಕಾರರು ಮೊದಲು ನೋಡುವುದು ಆ ಸಂಖ್ಯೆ ಮತ್ತು ಸಹಿ. ಆಮೇಲೆ ಬಿಸಿಲಿಗೆ ಬಣ್ಣ ಮಾಸಿದೆಯಾ, ಕಾಗದದ ಅಂಚು ಕತ್ತರಿಸಿದ್ದಾರಾ ಎಂದು. ಅದೇ ಚಿತ್ರ ಪೋಸ್ಟರ್ ಆದರೆ ಗೋಡೆಗೆ ಚಂದ, ಅಷ್ಟೇ.

ಚಿಟ್ಟೆ ಮುದ್ರಣ ಅಂದರೆ ಇಂದು ಮೊದಲು ಬರುವ ಹೆಸರು ಇಂಗ್ಲೆಂಡಿನ ಡೇಮಿಯನ್ ಹರ್ಸ್ಟ್. ಬೈಬಲಿನ 150 ಕೀರ್ತನೆಗಳ ಹೆಸರಿಟ್ಟು ಚಿಟ್ಟೆ ರೆಕ್ಕೆಗಳ ಚಿತ್ರಮಾಲೆ ಮಾಡಿದವರು ಇವರೇ. ಆದರೆ 2012ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಕೋಣೆಯೊಳಗೆ ಜೀವಂತ ಚಿಟ್ಟೆ ಬಿಟ್ಟ ಇವರ ಪ್ರದರ್ಶನದಲ್ಲಿ 9,000ಕ್ಕೂ ಹೆಚ್ಚು ಚಿಟ್ಟೆಗಳು ಸತ್ತವೆಂದು ಪತ್ರಿಕೆಗಳು ಬರೆದವು. ಓದಿ ನಮಗೆ ಕಸಿವಿಸಿಯಾಯಿತು. ಆ ಲೆಕ್ಕದಲ್ಲಿ ಮುದ್ರಣವೇ ವಾಸಿ. 2022ರಲ್ಲಿ ಅವರು 'ದಿ ಎಂಪ್ರೆಸಸ್' ಎಂದು ಐದು ರಾಣಿಯರ ಹೆಸರಿನ ಚಿಟ್ಟೆ ಮುದ್ರಣಗಳನ್ನು ತಂದರು. ಒಬ್ಬಳು ನಮ್ಮ ನೂರ್ ಜಹಾನ್! ಒಂದೊಂದಕ್ಕೆ 3,500 ಡಾಲರ್. ಇಷ್ಟೇ ಪ್ರತಿ ಎಂದು ಮೊದಲೇ ಹೇಳದೆ, ಕೆಲವು ದಿನ ಬಾಗಿಲು ತೆರೆದಿಟ್ಟು, ಅಷ್ಟರೊಳಗೆ ಕೇಳಿದವರ ಲೆಕ್ಕಕ್ಕೆ ತಕ್ಕಂತೆ ಅಚ್ಚು ಹಾಕಿದರು.

ಇದನ್ನೆಲ್ಲ ಮಾತಾಡುತ್ತಿದ್ದಾಗ ನಮಗೆ ನೆನಪಾದದ್ದು ರೇಷ್ಮೆ ಗೂಡು. ಹೊಸೂರು, ಕೃಷ್ಣಗಿರಿ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳ ಮೇಯಿಸಿದ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಪತಂಗ ಗೂಡನ್ನು ತೂತು ಮಾಡಿ ಹೊರಬಂದರೆ ಉದ್ದನೆಯ ನೂಲು ಸಿಗುವುದಿಲ್ಲ, ಬೆಲೆ ಬಿದ್ದುಹೋಗುತ್ತದೆ. ಹಾಗಾಗಿ ಹಾರುವ ಮೊದಲೇ ಬಿಸಿಗೆ ಹಾಕುತ್ತಾರೆ. ಅದು ಹೊಟ್ಟೆಪಾಡು, ಅದರಲ್ಲಿ ತಪ್ಪು ಹುಡುಕುವವರು ನಾವಲ್ಲ. ಆದರೆ ಪಾಸ್ಖಕ್ಕೆ ಚಿಟ್ಟೆಯನ್ನು ಗುರುತಾಗಿ ಇಟ್ಟುಕೊಂಡಿರುವುದು ಅದು ಗೂಡು ಬಿಟ್ಟು ಬಂತು ಎಂದಲ್ಲವೇ? ಖಾಲಿ ಸಮಾಧಿಯಲ್ಲಿ ಉಳಿದದ್ದು ನಾರುಬಟ್ಟೆ ಮಾತ್ರ. ಅಂಥ ಚಿತ್ರದ ಅಚ್ಚನ್ನು ಬೆಲೆ ಏರಲೆಂದು ಗೀಚಿ ಹಾಳುಮಾಡಲು ನಮಗಂತೂ ಕೈ ಬರಲಿಲ್ಲ.

ಹಾಗಂತ ಐವತ್ತು ಎಂದು ಬರೆದು ಎಂಬತ್ತು ತೆಗೆದರೆ ಅದು ಮೋಸ. ಆದ್ದರಿಂದ ಹೀಗೆ ಮಾಡುತ್ತಿದ್ದೇವೆ: ಪಾಸ್ಖ ಭಾನುವಾರದಿಂದ ಪೆಂತೆಕೋಸ್ತ್ ಹಬ್ಬದವರೆಗೆ ಹೆಸರು ಬರೆಸಿದವರಿಗೆಲ್ಲ ಒಂದೊಂದು ಪ್ರತಿ, ದಪ್ಪ ಕಾಗದದಲ್ಲಿ, 200 ರೂಪಾಯಿಗೆ. ಕೊನೆಯಲ್ಲಿ ಎಣಿಸಿ, ಒಟ್ಟು ಎಷ್ಟಾಯಿತೋ ಅದೇ ಸಂಖ್ಯೆಯನ್ನು ಪ್ರತಿಯೊಂದರ ಕೆಳಗೂ ಬರೆಯುತ್ತೇವೆ. ಆಮೇಲೆ ಅಚ್ಚು ಧರ್ಮೋಪದೇಶ ತರಗತಿಯ ಮಕ್ಕಳಿಗೆ. ಅವರು ನೋಟ್‌ಬುಕ್ ಹಾಳೆಯ ಮೇಲೆ ಎಷ್ಟು ಬೇಕಾದರೂ ಒತ್ತಿಕೊಳ್ಳಲಿ, ನಂಬರ್ ಇರುವುದಿಲ್ಲ. ಇದನ್ನು ಕೊಳ್ಳುವವರಿಗೆ ಮೊದಲೇ ಹೇಳುತ್ತೇವೆ.

ಐವತ್ತರ ಪಕ್ಷದವರಿಗೆ ಇನ್ನೂ ಸಮಾಧಾನವಿಲ್ಲ. "ಫೀಸಿಗೆ ಕಡಿಮೆ ಬಿದ್ದರೆ?" ಎಂದು ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಹೆಸರು ಬರೆಸುವ ಪುಸ್ತಕ ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲ ಬಳಿ ಇರುತ್ತದೆ. ಒಯ್ದವರು ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಬಣ್ಣ ಮಾಸುತ್ತದೆ.